ಮೊದಲ ಕೋಡ್ ಎಡಿಟರ್: ಆರಿಸುವುದು ಹೇಗೆ?

ಪ್ರೋಗ್ರಾಮಿಂಗ್ ಕಲಿಯಲು ಹೊರಟ ಬಹುತೇಕರು ಮೊದಲು ಕೇಳುವುದು ‘ಯಾವ ಎಡಿಟರ್ ಹಾಕಿಕೊಳ್ಳಲಿ?’ ಎಂದು. ಗೆಳೆಯರು ತಲೆಗೊಂದು ಹೆಸರು ಹೇಳುತ್ತಾರೆ. ಯೂಟ್ಯೂಬ್ ಇನ್ನಷ್ಟು ತೋರಿಸುತ್ತದೆ. ಒಂದೊಂದನ್ನೇ ಹಾಕಿ, ತೆಗೆದು, ಬಣ್ಣ ಬದಲಿಸಿ ನೋಡುವಷ್ಟರಲ್ಲಿ ಕಲಿಯುವ ಹುರುಪೇ ಇಳಿದಿರುತ್ತದೆ. ಬರೆದ ಕೋಡ್ ಹೇಗೆ ಓಡುತ್ತದೆ, ಎಲ್ಲಿ ಎಡವಿತು ಎಂಬುದನ್ನು ತೊಡಕಿಲ್ಲದೆ ತೋರಿಸುವುದೇ ಹೊಸಬರಿಗೆ ಒಳ್ಳೆಯ ಎಡಿಟರ್. ಈ ಒಂದು ಅಳತೆಗೋಲು ಹಿಡಿದು ಹೊರಟರೆ ಆಯ್ಕೆ ಸುಲಭ.

1. ಎಡಿಟರ್ ಏನು ಮಾಡುತ್ತದೆ ಎಂದು ತಿಳಿಯಿರಿ

ಎಡಿಟರ್ ಕೋಡ್ ಬರೆಯುವ ಜಾಗ. ಬರೆದದ್ದನ್ನು ಓಡಿಸಲು ಬೇಕಾದದ್ದು ಪೈಥಾನ್ ಇಂಟರ್‌ಪ್ರಿಟರ್, ಸಿ ಕಂಪೈಲರ್ ಅಥವಾ ಜಾವಾದ ಜೆಡಿಕೆ. ಬರೆಯುವ, ಓಡಿಸುವ, ದೋಷ ಹುಡುಕುವ ಸಲಕರಣೆಗಳನ್ನು ಒಂದೇ ಕಡೆ ಸೇರಿಸಿದರೆ ಅದು ಐಡಿಇ. ಈ ವ್ಯತ್ಯಾಸ ತಿಳಿಯದೆ, ವಿಎಸ್ ಕೋಡ್ ಎಂಬ ಎಡಿಟರ್ ಹಾಕಿಕೊಂಡು ‘ಪೈಥಾನ್ ಓಡುತ್ತಲೇ ಇಲ್ಲ’ ಎಂದು ಮೊದಲ ದಿನವೇ ಕೈಚೆಲ್ಲುವವರಿದ್ದಾರೆ. ವಿಎಸ್ ಕೋಡ್ ಜತೆಗೆ ಪೈಥಾನ್ ಬರುವುದಿಲ್ಲ, ಅದನ್ನು ಪ್ರತ್ಯೇಕವಾಗಿ ಹಾಕಬೇಕು. ವಿಂಡೋಸ್‌ನಲ್ಲಿ ಹಾಕುವಾಗ ‘ಪಾತ್’ಗೆ ಸೇರಿಸುವ ಆಯ್ಕೆ ಕಂಡರೆ ತಪ್ಪದೆ ಟಿಕ್ ಮಾಡಿ.

2. ನಿಮ್ಮ ಭಾಷೆ, ನಿಮ್ಮ ಯಂತ್ರ ನೋಡಿ

*ಪೈಥಾನ್:* ಥಾನಿಯಿಂದ ಆರಂಭಿಸಿ. ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹೊಸಬರಿಗೆಂದೇ ರೂಪುಗೊಂಡ ಐಡಿಇ ಇದು. ಇದರ ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಪೈಥಾನ್ ಕೂಡ ಇರುತ್ತದೆ. ಪ್ರೋಗ್ರಾಮನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ, ಪ್ರತಿ ಹೆಜ್ಜೆಗೂ ವೇರಿಯಬಲ್‌ನ ಬೆಲೆ ಬದಲಾಗುವುದನ್ನು ಪಕ್ಕದಲ್ಲೇ ನೋಡಬಹುದು. ಲೂಪ್ ತಲೆಗೆ ಹತ್ತಲು ಇದಕ್ಕಿಂತ ನೇರವಾದ ದಾರಿ ಸಿಗುವುದು ಕಷ್ಟ.

*ವೆಬ್ ಪುಟಗಳು:* ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ಗೆ ವಿಎಸ್ ಕೋಡ್ ಹೊಂದುತ್ತದೆ. ಮೈಕ್ರೊಸಾಫ್ಟ್ 2015ರಲ್ಲಿ ಹೊರತಂದ ಈ ಎಡಿಟರ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

*ಸಿ, ಸಿ++:* ಕಂಪೈಲರ್ ಸಹಿತ ಸಿಗುವ ಕೋಡ್‌ಬ್ಲಾಕ್ಸ್ ಸಾಕು. ಕಾಲೇಜು ಲ್ಯಾಬಿನಲ್ಲಿ ಟರ್ಬೊ ಸಿ++ ಇದ್ದರೆ ಅಲ್ಲಿ ಬಳಸಿ, ಮನೆಯಲ್ಲಿ ಬೇಡ. ಸಿ++ ಭಾಷೆಗೆ ಮೊದಲ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಅದಕ್ಕೂ ಹಿಂದಿನ ಟರ್ಬೊದಲ್ಲಿ ಕಲಿತ ಕೆಲವು ಹೆಡರ್ ಹೆಸರುಗಳನ್ನು ಇಂದಿನ ಕಂಪೈಲರ್‌ಗಳು ಒಪ್ಪುವುದಿಲ್ಲ.

*ಜಾವಾ:* ಬೋಧನೆಗೆಂದೇ ಮಾಡಿದ ಬ್ಲೂಜೆ ಮೊದಲು; ಎಕ್ಲಿಪ್ಸ್, ಇಂಟೆಲಿಜೆ ಆಮೇಲೆ.

*ಹಳೆಯ ಲ್ಯಾಪ್‌ಟಾಪ್:* ಬ್ರೌಸರ್ ಜತೆಗೆ ವಿಎಸ್ ಕೋಡ್ ತೆರೆದರೆ ಯಂತ್ರ ತಿಣುಕುತ್ತಿದೆಯೇ? ಜೀನಿ ಅಥವಾ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬಳಸಿ. ಎರಡೂ ಹಗುರ, ಉಚಿತ.

*ಫೋನ್ ಮಾತ್ರ ಇದ್ದರೆ:* ಆಂಡ್ರಾಯ್ಡ್‌ನ ಪೈಡ್ರಾಯ್ಡ್ 3 ಇಂಟರ್‌ನೆಟ್ ಇಲ್ಲದೆಯೂ ಪೈಥಾನ್ ಓಡಿಸುತ್ತದೆ. ಲ್ಯಾಪ್‌ಟಾಪ್ ಕೊಳ್ಳುವವರೆಗೆ ಕಲಿಕೆಯನ್ನು ಮುಂದೂಡಬೇಡಿ.

3. ಒಂದು ಲೆಕ್ಕ ಕೊಟ್ಟು ಪರೀಕ್ಷಿಸಿ

ಡೈರಿಗೆ ಹಾಕಿದ ಹಾಲಿನ ಲೀಟರ್ ಮತ್ತು ದರ ಕೇಳಿ, ಬರಬೇಕಾದ ಹಣ ಹೇಳುವ ಪುಟ್ಟ ಪ್ರೋಗ್ರಾಂ ಬರೆಯಿರಿ. ಉಳಿಸಿ, ಓಡಿಸಿ. ಬಳಿಕ ಬೇಕೆಂದೇ ಒಂದು ಆವರಣ ಚಿಹ್ನೆ ಅಳಿಸಿ ಮತ್ತೆ ಓಡಿಸಿ. ತಪ್ಪು ಯಾವ ಸಾಲಿನಲ್ಲಿದೆ ಎಂಬ ಸಂದೇಶ ಕಣ್ಣಿಗೆ ಬೀಳುವಂತಿದೆಯೇ? ಉತ್ತರವನ್ನು ‘ಒಟ್ಟು ರೂಪಾಯಿ’ ಎಂದು ಕನ್ನಡದಲ್ಲೇ ಮುದ್ರಿಸಿ. ಅಕ್ಷರದ ಬದಲು ಚೌಕಗಳು ಕಂಡರೆ ಫಾಂಟ್ ಬದಲಿಸಿ, ವಿಚಿತ್ರ ಚಿಹ್ನೆಗಳು ಬಂದರೆ ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ. ಇಷ್ಟು ಸಲೀಸಾಗಿ ನಡೆದರೆ ಹುಡುಕಾಟ ನಿಲ್ಲಿಸಿ.

4. ಸೆಟ್ಟಿಂಗ್ ಕಡಿಮೆ ಇರಲಿ

ಅಕ್ಷರ ದೊಡ್ಡದು ಮಾಡಿ. ಸಾಲುಗಳ ಸಂಖ್ಯೆ ಕಾಣುವಂತಿರಲಿ. ಕರೆಂಟ್ ಹೋದರೂ ಕೆಲಸ ಉಳಿಯುವಂತೆ ತಾನಾಗಿ ಉಳಿಸುವ ಆಯ್ಕೆ ಇದ್ದರೆ ಚಾಲೂ ಮಾಡಿ. ಪೈಥಾನ್‌ನಲ್ಲಿ ಟ್ಯಾಬ್ ಒತ್ತಿದರೆ ನಾಲ್ಕು ಸ್ಪೇಸ್ ಬರುವಂತೆ ಹೊಂದಿಸಿ. ಟ್ಯಾಬ್, ಸ್ಪೇಸ್ ಬೆರೆತರೆ ಪ್ರೋಗ್ರಾಂ ಓಡದೆ ಹೋಗಬಹುದು. ವಿಎಸ್ ಕೋಡ್‌ನಲ್ಲಾದರೆ ನಿಮ್ಮ ಭಾಷೆಗೆ ಬೇಕಾದ ಎಕ್ಸ್‌ಟೆನ್ಶನ್ ಹಾಕಿಕೊಂಡು ಅಲ್ಲಿಗೇ ನಿಲ್ಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕೋಪೈಲಟ್‌ನಂಥ ಎಐ ಸಹಾಯಕಗಳು ಈಗ ಎಡಿಟರ್ ಒಳಗೇ ಕುಳಿತಿವೆ. ನೀವು ಎರಡಕ್ಷರ ಬರೆಯುವಷ್ಟರಲ್ಲಿ ಅವು ಇಡೀ ಫಂಕ್ಷನ್ ಮುಂದಿಡುತ್ತವೆ. ಮೂಲ ಪಾಠಗಳು ಗಟ್ಟಿಯಾಗುವವರೆಗೆ ಈ ಸಲಹೆಗಳನ್ನು ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ತಪ್ಪಿನ ಸಂದೇಶ ಓದಿ, ಕಾರಣ ಊಹಿಸಿ, ತಿದ್ದಿ ಮತ್ತೆ ಓಡಿಸುವ ಅಭ್ಯಾಸವೇ ಪ್ರೋಗ್ರಾಮಿಂಗ್ ಕಲಿಕೆಯ ತಿರುಳು. ಆ ಶ್ರಮ ನಿಮ್ಮದೇ ಆಗಿರಬೇಕು.

5. ಕೆಲವು ತಿಂಗಳು ಅದಕ್ಕೇ ಅಂಟಿಕೊಳ್ಳಿ

ಉಳಿಸಲು ಕಂಟ್ರೋಲ್-ಎಸ್, ಹುಡುಕಲು ಕಂಟ್ರೋಲ್-ಎಫ್, ಹಿಂದಕ್ಕೆ ಹೋಗಲು ಕಂಟ್ರೋಲ್-ಜೆಡ್, ಥಾನಿಯಲ್ಲಿ ಓಡಿಸಲು ಎಫ್5: ಇಷ್ಟು ಬೆರಳಿಗೆ ರೂಢಿಯಾದರೆ ಆರಂಭಕ್ಕೆ ಸಾಕು. ಹಲವು ಫೈಲುಗಳ ಪ್ರಾಜೆಕ್ಟ್ ಅಥವಾ ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಬಳಕೆಗೆ ಬಂದಾಗ ದೊಡ್ಡ ಎಡಿಟರ್‌ಗೆ ಹೋಗಿ.

ಆರಿಸುವುದರಲ್ಲಿ ತಪ್ಪಿದರೆ ಎಂಬ ಅಂಜಿಕೆ ಬೇಡ. ಬಹಳ ಜನ ಮೆಚ್ಚಿದ್ದ ಆಟಂ ಎಡಿಟರನ್ನು ಗಿಟ್‌ಹಬ್ 2022ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಅದರಲ್ಲಿ ಬರೆದ ಕೋಡ್‌ಗೆ ಏನೂ ಆಗಲಿಲ್ಲ, ಏಕೆಂದರೆ ಕೋಡ್ ಎಂದರೆ ಬರಿಯ ಪಠ್ಯ. ಯಾವ ಎಡಿಟರ್‌ನಲ್ಲಿ ಬೇಕಾದರೂ ತೆರೆಯುತ್ತದೆ. ಹಾಗಾಗಿ ಆಯ್ಕೆಗೆ ಒಂದು ಸಂಜೆ ಕೊಡಿ, ಉಳಿದ ಸಂಜೆಗಳನ್ನು ಕೋಡ್ ಬರೆಯಲು ಇಟ್ಟುಕೊಳ್ಳಿ.