ದಾಳದಿಂದ ಮಸುಕು ಗೆಲಾಕ್ಸಿಯ ಪಾಠ

ತರಗತಿ: 9, ಗಂಡಸಿ
ಉದ್ದೇಶ: ಹಲವು ಚಿತ್ರ ಕೂಡಿಸಿದರೆ ಮಸುಕಾದ ಗೆಲಾಕ್ಸಿ ಕಾಣುವುದೇಕೆಂದು ತಿಳಿಯುವುದು.

ಪೀಠಿಕೆ: ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ ಎಂ-33ರ ಬೆಳಕು ಆಕಾಶದಲ್ಲಿ ತೆಳುವಾಗಿ ಹರಡಿದೆ. ಹವ್ಯಾಸಿಯ ಚಿಕ್ಕ ದೂರದರ್ಶಕದ ಒಂದು ಚಿತ್ರದಲ್ಲಿ ಅದರ ಸುರುಳಿ ತೋಳುಗಳು ಕ್ಯಾಮೆರಾದ ಗದ್ದಲದಲ್ಲಿ ಮುಳುಗುತ್ತವೆ.

ಚಟುವಟಿಕೆ: 25 ಮಕ್ಕಳು, ಒಬ್ಬರಿಗೊಂದು ಹಾಳೆ, ಒಂದು ಹಾಳೆಯೆಂದರೆ ಒಂದು ಚಿತ್ರ. ಅದರಲ್ಲಿ ‘ಆಕಾಶ’, ‘ಗೆಲಾಕ್ಸಿ’ ಎಂಬ ಎರಡು ಮನೆ. ಎರಡಕ್ಕೂ ದಾಳ ಹಾಕಿಸಿ, ಗೆಲಾಕ್ಸಿಗೆ ಮಾತ್ರ 2 ಸೇರಿಸಿಸಿದೆ.

ವೀಕ್ಷಣೆ: ಏಳು ಹಾಳೆಗಳಲ್ಲಿ ಆಕಾಶದ ಅಂಕಿಯೇ ಸಮ ಅಥವಾ ಹೆಚ್ಚು. ಎಲ್ಲ ಕೂಡಿಸಿದಾಗ ಆಕಾಶ 91, ಗೆಲಾಕ್ಸಿ 136.

ತೀರ್ಮಾನ: 25 ಚಿತ್ರಗಳಲ್ಲಿ ಬೆಳಕು 25 ಪಟ್ಟು, ಗದ್ದಲ ವರ್ಗಮೂಲದಂತೆ 5 ಪಟ್ಟು ಮಾತ್ರ ಹೆಚ್ಚುತ್ತದೆ. ದೂರದರ್ಶಕವಿಲ್ಲದ ಶಾಲೆಯಲ್ಲೂ ಈ ತತ್ತ್ವವನ್ನು ಮಕ್ಕಳೇ ಕಂಡುಕೊಳ್ಳಬಲ್ಲರು.