ಹುಳುಮನೆಗೆ ತೊಳೆದ ಕೈ

ಶಿಡ್ಲಘಟ್ಟದ ಕಡೆ ‘ಹುಳು’ ಅಂದರೆ ರೇಷ್ಮೆಹುಳುವೇ. ಹುಳು ಜ್ವರಕ್ಕೆ ಕೂತಿದೆ, ಹುಳು ಹಣ್ಣಾಯಿತು ಅನ್ನುವುದರಲ್ಲೇ ನಮ್ಮ ದಿನ ಕಳೆಯುತ್ತದೆ. ಇನ್ನೊಂದು ಹುಳು ಒಳಗೆ ಕೂತು ನನ್ನನ್ನೇ ಮೇಯುತ್ತಿದೆ ಎಂದು ತಿಳಿಯುವಾಗ ನನಗೆ ಮೂವತ್ತೆಂಟು.

ಸೊಪ್ಪಿನ ಹೊರೆ ಇಳಿಸಿದರೆ ಎದೆ ಡವಡವ. ಕಬ್ಬಿಣದ ಮಾತ್ರೆ ನುಂಗಿದಷ್ಟು ದಿನ ವಾಸಿ, ಬಿಟ್ಟರೆ ಮತ್ತೆ ಅದೇ ಸುಸ್ತು. ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ಚಿಕ್ಕಬಳ್ಳಾಪುರದಲ್ಲಿ ತೋರಿಸಿದಾಗ ಡಾಕ್ಟರಮ್ಮ ರಕ್ತದ ಚೀಟಿ ನೋಡಿ, “ತೋಟಕ್ಕೆ ಚಪ್ಪಲಿ ಹಾಕ್ಕೊಂಡು ಹೋಗ್ತೀರೇನಮ್ಮಾ?” ಅಂದರು. ನಗು ಬಂತು. ಹಿಪ್ಪುನೇರಳೆ ತೋಟಕ್ಕೆ ಚಪ್ಪಲಿಯೇ? ಮಲಪರೀಕ್ಷೆಗೆ ಡಬ್ಬಿ ಕೊಟ್ಟರು. ಮಾರನೇ ದಿನ ಅದನ್ನು ಮೂರು ಕವರಿನಲ್ಲಿ ಸುತ್ತಿ ಬಸ್ಸು ಹತ್ತಿದರೆ, ಪಕ್ಕ ಕೂತವಳು “ಏನಕ್ಕಾ, ತಿಂಡೀನಾ?” ಅನ್ನಬೇಕೆ!

ಕೊಕ್ಕೆಹುಳು. ನಾನು ತಿಳಿದುಕೊಂಡಿದ್ದಂತೆ ಬಾಯಿಂದ ಹೋದದ್ದಲ್ಲ. ಬಯಲಿಗೆ ಕೂತವರ ಮಲದಲ್ಲಿದ್ದ ಮೊಟ್ಟೆ ತೇವದ, ನೆರಳಿನ ಮಣ್ಣಿನಲ್ಲಿ ಮರಿಯಾಗಿ, ಬರಿಗಾಲಿನ ಚರ್ಮವನ್ನೇ ತೂರಿ ರಕ್ತಕ್ಕೆ ಇಳಿಯುತ್ತದೆ; ಕೊನೆಗೆ ಕರುಳು ಕಚ್ಚಿ ರಕ್ತ ಹೀರುತ್ತದೆ. ನೀರು ಕಟ್ಟಿದ ಹಿಪ್ಪುನೇರಳೆ ಸಾಲಿಗಿಂತ ಒಳ್ಳೆಯ ನೆರಳು ಅದಕ್ಕೆ ಎಲ್ಲಿ ಸಿಗಬೇಕು? ಬೆರಳ ಸಂದಿಯ ನವೆಯನ್ನು ನಾನು ಕೆಸರುಹುಣ್ಣು ಎಂದು ಅರಿಶಿನ ಹಚ್ಚಿಕೊಂಡಿದ್ದೆ.

ನನಗೆ ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಹುಳುಮನೆಗೆ ಹೋಗುವಾಗ ಕೈಕಾಲು ತೊಳೆದು, ಬ್ಲೀಚಿಂಗ್ ಪುಡಿ ತುಳಿದು ಒಳಗೆ ಹೋಗುತ್ತೇವೆ. ರೋಗ ಬಿದ್ದರೆ ಬೆಳೆ ಹೋಯಿತಲ್ಲ. ಅದೇ ಕೈಗೆ ಮಣ್ಣು ಮೆತ್ತಿರುವಾಗ, ಸೆರಗಿಗೆ ಒರೆಸಿಕೊಂಡು ಮಗಳಿಗೆ ಮುದ್ದೆ ಮುರಿದು ಕೊಟ್ಟಿದ್ದೇನೆ. ಇನ್ನೊಂದು ಜಾತಿಯ ಜಂತುಹುಳುವಿನ ಮೊಟ್ಟೆ ಬಾಯಿಗೆ ಸೇರುವುದು ಹೀಗೇ. ಹೆಣ್ಣುಹುಳು ದಿನಕ್ಕೆ 2 ಲಕ್ಷ ಮೊಟ್ಟೆ ಇಡುತ್ತದಂತೆ, ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಚಿಂತಾಮಣಿಯ ತಂಗಿ ಮಾತ್ರ ಇವತ್ತಿಗೂ ಬೆಲ್ಲ ತಿಂದರೆ ಹುಳು ಆಗುತ್ತದೆ ಅನ್ನುತ್ತಾಳೆ, ಟೊಮೇಟೊ ಗಿಡದಿಂದ ಕಿತ್ತು ಹಾಗೇ ಕಚ್ಚುತ್ತಾಳೆ.

ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ದಿನ ಮಗಳನ್ನು ಮನೆಯಲ್ಲೇ ಉಳಿಸಿಕೊಂಡವಳು ನಾನು. ಯಾರದೋ ಮಗು ವಾಂತಿ ಮಾಡಿಕೊಂಡಿತಂತೆ, ಅಷ್ಟೇ ಸಾಕಾಯಿತು. ಹೊಟ್ಟೆ ತುಂಬ ಹುಳುವಿದ್ದ ಮಕ್ಕಳಿಗೆ ಹಾಗೆ ಆಗುವುದುಂಟು, ಬೇಗ ಸರಿಹೋಗುತ್ತದೆ ಎಂದು ಆಮೇಲೆ ತಿಳಿಯಿತು. 2015ರಲ್ಲಿ ಶುರುವಾದ ಈ ಕಾರ್ಯಕ್ರಮದ ಅಲ್ಬೆಂಡಜೋಲ್ 1ರಿಂದ 19 ವರ್ಷದವರಿಗೆ. ತೋಟದಲ್ಲಿ ನಿಂತಿರುವ ತಾಯಿ, ಅಜ್ಜಿ ಆ ಲೆಕ್ಕಕ್ಕೆ ಬರುವುದಿಲ್ಲ. ಮಾತ್ರೆ ಹೊಟ್ಟೆಯ ಹುಳುವನ್ನು ಕೊಲ್ಲುತ್ತದೆಯೇ ಹೊರತು ಮಣ್ಣಿನದನ್ನಲ್ಲ. ಅದಕ್ಕೇ ಶೌಚಾಲಯದಲ್ಲಿ ತುಂಬಿಟ್ಟಿದ್ದ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆ, ಸೌದೆ ಎಲ್ಲ ತೆಗೆಸಿದೆ.

ಚಪ್ಪಲಿಯದೇ ಜಗಳ. “ಸೊಪ್ಪು ಲಕ್ಷ್ಮಿ ಕಣೇ, ಚಪ್ಪಲಿ ಸೋಕಬಾರದು” ಅನ್ನುತ್ತಾರೆ ಅತ್ತೆ. ತೋಟಕ್ಕೆಂದೇ ಹೊಸ ಜೊತೆ ತಂದು ಅರಿಶಿನ ಕುಂಕುಮ ಹಚ್ಚಿ ಕೊಟ್ಟೆ. ಬದುವಿನವರೆಗೆ ಹಾಕಿಕೊಂಡು ಹೋಗುತ್ತಾರೆ, ನಾನು ನೋಡುತ್ತಿದ್ದರೆ ಎರಡು ಸಾಲು ಜಾಸ್ತಿ.