ಗರಿ ಅಡಿಯ ಹುಳ, ಎರಡು ವಾರದ ಆಟ

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಕಡೆಯ ತೆಂಗು ಬೆಳೆಗಾರರಿಗೆ ಕಪ್ಪು ತಲೆ ಹುಳು ಹೊಸದಲ್ಲ. ಗರಿಯ ಅಡಿಯಲ್ಲಿ ನೂಲು, ಹಿಕ್ಕೆ ಸೇರಿಸಿ ಗೂಡು ಕಟ್ಟಿಕೊಂಡು ಹಸಿರನ್ನೆಲ್ಲ ಕೆರೆದು ತಿನ್ನುವ ಈ ಹುಳು ಬಿದ್ದ ತೋಟ ದೂರಕ್ಕೆ ಬೆಂಕಿ ತಗುಲಿದಂತೆ ಕಾಣುತ್ತದೆ. ಈ ಸೀಮೆಯ ನಾಲ್ವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನೇ ಮೊಬೈಲ್ ಆಟ ಮಾಡಲು ಹೊರಟರು. ಅವರ ಕೆಲಸಕ್ಕೆ ಸಲಹೆ ಕೊಡುತ್ತ ಜೊತೆಗಿದ್ದವನಾಗಿ ಅಲ್ಲಿ ಕಂಡದ್ದನ್ನು ಬರೆಯುತ್ತಿದ್ದೇನೆ.

ಕಾಲೇಜಿನ ಪ್ರಾಜೆಕ್ಟುಗಳಿಗೆ ಒಂದು ಸಿದ್ಧ ಸಾಲಿದೆ: ಸಿನಾಪ್ಸಿಸ್, ವಿನ್ಯಾಸ, ಕೋಡು, ಕಟ್ಟಕಡೆಗೆ ಟೆಸ್ಟಿಂಗು. ಆಟಕ್ಕೆ ಇದು ಒಗ್ಗುವುದಿಲ್ಲ. ಯಾರಾದರೂ ಆಡಿ ನೋಡುವ ತನಕ ಅದರಲ್ಲಿ ಮೋಜು ಇದೆಯೇ ಎಂದು ಹೇಳಲಾಗದು. 2001ರ ಫೆಬ್ರವರಿಯಲ್ಲಿ ಅಮೆರಿಕದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಬರೆದ ಅಜೈಲ್ ಪ್ರಣಾಳಿಕೆ, ದಪ್ಪನೆಯ ದಾಖಲೆಗಿಂತ ಓಡುವ ತಂತ್ರಾಂಶವೇ ಮೇಲೆಂದಿತು. ಕ್ಲಿಂಟನ್ ಕೀತ್ 2010ರ ತಮ್ಮ ಪುಸ್ತಕದಲ್ಲಿ ಅದೇ ಬಳಗದ ಸ್ಕ್ರಮ್ ಪದ್ಧತಿಯನ್ನು ಗೇಮ್ ತಯಾರಿಕೆಗೆ ಹೊಂದಿಸಿ ತೋರಿಸಿದರು. ಹುಡುಗರು ಹಿಡಿದದ್ದು ಈ ದಾರಿ. ಎರಡೆರಡು ವಾರದ ಸ್ಪ್ರಿಂಟು. ಪ್ರತಿ ಸ್ಪ್ರಿಂಟಿನ ಕೊನೆಗೆ, ಎಷ್ಟೇ ಚಿಕ್ಕದಿರಲಿ, ಆಡಲು ಬರುವ ಒಂದು ಆಟ. ಮನೆಯಲ್ಲಿರುವ ಹಳೆಯ ಆಂಡ್ರಾಯ್ಡ್ ಫೋನಿನಲ್ಲಿ ನಡೆದರೆ ಮಾತ್ರ ಕೆಲಸ ಮುಗಿದ ಲೆಕ್ಕ.

ಇದರ ಫಲ ಮೊದಲ ಸ್ಪ್ರಿಂಟಿನಲ್ಲೇ ಕಂಡಿತು. ಅವರು ಬಳಸಿದ್ದು ಉಚಿತವಾಗಿ ಸಿಗುವ ಗೊಡೋ ಎಂಜಿನ್ನಿನ ಹಳೆಯ 3ನೇ ಆವೃತ್ತಿ. ಪರದೆಯ ಮೇಲೆ ಕನ್ನಡ ಹಾಕಿದೊಡನೆ ಒತ್ತಕ್ಷರಗಳು ಚೆದುರಿಹೋದವು. 2023ರ ಮಾರ್ಚಿನಲ್ಲಿ ಬಂದ 4.0 ಆವೃತ್ತಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುತ್ತದೆ. ಬರೆದ ಕೋಡು ಇನ್ನೂ ಸ್ವಲ್ಪವೇ ಇದ್ದುದರಿಂದ ಅದಕ್ಕೆ ಬದಲಾಗುವುದು ಕಷ್ಟವಾಗಲಿಲ್ಲ. ಇದೇ ತೊಡಕು ವೈವಾ ಹತ್ತಿರ ಬಂದಾಗ ಎದುರಾಗಿದ್ದರೆ ಕನ್ನಡವನ್ನೇ ಕೈಬಿಡುತ್ತಿದ್ದರು.

ದೊಡ್ಡ ತಿರುವು ಕೊಟ್ಟವರು ಒಬ್ಬ ರೈತರು. ಆಟದಲ್ಲಿ ಹುಡುಗನೊಬ್ಬ ನೆಲದಲ್ಲಿ ನಿಂತು ಮರಕ್ಕೆ ಔಷಧಿ ಸಿಂಪಡಿಸಿ ಹುಳು ಕೊಲ್ಲುತ್ತಿದ್ದ. ಫೋನು ಕೈಗೆ ಕೊಟ್ಟಾಗ ಅವರು ಸ್ವಲ್ಪ ಹೊತ್ತು ಆಡಿ, ‘ಇಷ್ಟೆತ್ತರದ ಮರಕ್ಕೆ ಕೆಳಗೆ ನಿಂತು ಯಾರಪ್ಪಾ ಔಷ್ದಿ ಹೊಡೀತಾರೆ? ಗರಿ ಅಡೀಲಿ ಕುಂತಿರೋ ಹುಳಕ್ಕೆ ಅದು ತಾಕುತ್ತಾ?’ ಎಂದು ಕೇಳಿದರು. ‘ಮತ್ತೇನ್ ಮಾಡ್ತೀರ ಗೌಡ್ರೇ?’ ಎಂದರೆ, ‘ಇಲಾಖೆಯೋರು ಹುಳ ತಿನ್ನೋ ಹುಳ ಕೊಡ್ತಾರಲ್ಲ, ಅದನ್ನ ಬಿಡ್ತೀವಿ.’

ಅವರು ಹೇಳಿದ್ದು ಗೋನಿಯೋಜಸ್ ಎಂಬ ಪುಟ್ಟ ಪರತಂತ್ರ ಜೀವಿ. ಅದು ಕಪ್ಪು ತಲೆ ಹುಳುವನ್ನು ಕುಟುಕಿ ಸ್ತಬ್ಧಗೊಳಿಸಿ, ಅದರ ಮೈಮೇಲೆಯೇ ಮೊಟ್ಟೆಯಿಡುತ್ತದೆ. ತೋಟಗಾರಿಕೆ ಇಲಾಖೆ ಇದನ್ನು ಪ್ರಯೋಗಾಲಯಗಳಲ್ಲಿ ಬೆಳೆಸುತ್ತದೆ. ತೋಟಕ್ಕೆ ಒಂದೇ ಸಲ ಬಿಟ್ಟರೆ ಸಾಲದು, ಕಂತುಕಂತಾಗಿ ಬಿಡಬೇಕು. ಮುಂದಿನ ಸ್ಪ್ರಿಂಟಿನಲ್ಲಿ ಸಿಂಪಡಣೆ ಹೋಯಿತು. ಯಾವ ಮರಕ್ಕೆ, ಯಾವಾಗ, ಎಷ್ಟು ಜೀವಿ ಬಿಡಬೇಕೆಂದು ಯೋಚಿಸುವುದೇ ಆಟವಾಯಿತು. ತಂಡದ ಹುಡುಗಿಯೊಬ್ಬಳು ರಾತ್ರಿಗಟ್ಟಲೆ ಬಿಡಿಸಿದ ಸಿಂಪಡಣೆ ಚಿತ್ರಗಳು ವ್ಯರ್ಥವಾದವು. ಆಕೆಗಾದ ನೋವು ಸಣ್ಣದಲ್ಲ. ಮೋಜು ಖಚಿತವಾಗುವ ತನಕ ಬರಿಯ ಚೌಕ, ವೃತ್ತಗಳಲ್ಲೇ ಆಡಿ ನೋಡುವುದು ಆಮೇಲೆ ತಂಡದ ನಿಯಮವಾಯಿತು.

ಎಲ್ಲವೂ ಪುಸ್ತಕದಂತೆ ನಡೆಯಲಿಲ್ಲ, ನಡೆಯಬೇಕಾಗಿಯೂ ಇಲ್ಲ. ದಿನಾ ಬೆಳಿಗ್ಗೆ ನಿಂತು ಮಾತಾಡುವ ಸಭೆ ಬೇರೆ ಬೇರೆ ಊರಿನಿಂದ ಬಸ್ಸು ಹಿಡಿದು ಬರುವವರಿಗೆ ಆಗದ ಮಾತು. ವಾಟ್ಸಾಪಿನ ಧ್ವನಿ ಸಂದೇಶ ಆ ಜಾಗ ತುಂಬಿತು. ಇಂಟರ್ನಲ್ಸ್ ವಾರದಲ್ಲಿ ಕೆಲಸವೇ ಇಟ್ಟುಕೊಳ್ಳಲಿಲ್ಲ. ಹತ್ತು ಹಂತಗಳ ಆಟ ಮೂರು ಹಂತಕ್ಕೆ ಇಳಿಯಿತು, ಆ ಮೂರೂ ಚೆನ್ನಾಗಿ ನಡೆಯುತ್ತವೆ. ನನ್ನ ಮಟ್ಟಿಗೆ ಇದೇ ಸರಿಯಾದ ಆಯ್ಕೆ.

ಕರ್ನಾಟಕ ಸರ್ಕಾರ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ 2024–29ರ ಪ್ರತ್ಯೇಕ ನೀತಿಯನ್ನೇ ತಂದಿದೆ. ಅದರ ಲಾಭ ಬೆಂಗಳೂರು ದಾಟಿ ಇಂಥ ಊರುಗಳಿಗೂ ಬರಬೇಕು. ಕಾಲೇಜಿನ ಮಾರ್ಗದರ್ಶಕರು ತಮ್ಮ ಪಾಲಿಗೆ ಇಷ್ಟು ಮಾಡಲಿ: ಪ್ರಗತಿ ಪರಿಶೀಲನೆಯ ದಿನ ಸ್ಲೈಡುಗಳನ್ನು ಬದಿಗಿಡಿಸಿ, ಫೋನಿನಲ್ಲಿ ಆಡಲು ಬರುವ ಆಟವನ್ನು ಕೇಳಿ ಪಡೆಯಲಿ, ತಾವೂ ಆಡಿ ನೋಡಲಿ.